ನಾಲ್ಕನೆಯವನು

ಲೋವೆಲ್‌ನ ಕಿವಿಗಳ ಹಿಂದೆ ಎರಡು ತೋರುಬೆರಳುಗಳನ್ನು ಇಟ್ಟು, ಕನ್ನಡಕದ ಕಡ್ಡಿ ಎಲ್ಲಿ ಒತ್ತುತ್ತಿದೆ ಎಂದು ತಡವಿ ನೋಡುತ್ತಿದ್ದಾಗ ಸಿಸುಕನಿಗೆ ತನ್ನ ಬೆರಳುಗಳು ಬೆವರುತ್ತಿರುವುದು ಗೊತ್ತಾಯಿತು. ಎಷ್ಟೋ ವರ್ಷದಿಂದ ಅವನು ಈ ಊರಿನವರ ಕಿವಿ ಮುಟ್ಟುತ್ತ ಬಂದಿದ್ದ. ಮುಖ ಮರೆತರೂ ಕಿವಿ ಮರೆಯುತ್ತಿರಲಿಲ್ಲ. ಕಿವಿಯ ಹಿಂದಿನ ಚರ್ಮ ಎಲ್ಲರದೂ ಮಗುವಿನದೇ, ಎಪ್ಪತ್ತು ದಾಟಿದ ಲೋವೆಲ್‌ನದು ಕೂಡ. ಅಷ್ಟು ಮೆತ್ತಗಿನ ಜಾಗವನ್ನು ಇನ್ನೊಬ್ಬನ ಕೈಗೆ ಕೊಟ್ಟು ಇವರು ಇಷ್ಟು ನಿಶ್ಚಿಂತೆಯಿಂದ ಹೇಗೆ ಕೂರುತ್ತಾರೆ ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು. ಇವತ್ತು ಅದು ಹೇಸಿಗೆಯ ಹಾಗೆ ಅನ್ನಿಸಿತು. ಬೆವರು ಲೋವೆಲ್‌ಗೆ ತಾಗಿರಬಹುದು. ತಾಗಿದ್ದರೂ ಅವನು ಹೇಳುವವನಲ್ಲ. ಇಲ್ಲಿನ ಜನ ಅಂಥದ್ದನ್ನೆಲ್ಲ ಹೇಳುವುದಿಲ್ಲ, ಮನೆಗೆ ಹೋಗಿ ಒರೆಸಿಕೊಳ್ಳುತ್ತಾರೆ.

"ಇವತ್ತು ಸಂಜೆ ಸಭೆಗೆ ನಿಮ್ಮವರದ್ದೇ ಏನೋ ಬಂದಿದೆಯಂತಲ್ಲ, ಮೀನಿನ ವಾಸನೇದು," ಎಂದ ಲೋವೆಲ್, ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ. ಸಿಸುಕ್ ಬಾಯಿ ತೆರೆಯುವ ಮೊದಲೇ ಕೈ ಎತ್ತಿದ. "ಬೇಡಪ್ಪ, ಬೇಡ. ಒಂದಕ್ಷರ ಹೇಳಬೇಡ. ನಗರಸಭೆ ಆಯೋಗದ ಮೆಂಬರುಗಳಿಬ್ಬರು ಸಭೆ ಹೊರಗೆ ಇದನ್ನ ಮಾತಾಡಿದರು ಅಂತ ಆ ಹುಡುಗ ವಕೀಲನಿಗೆ ಗೊತ್ತಾದರೆ ನಮಗೆ ಪಾಠ ಶುರು ಮಾಡ್ತಾನೆ."

"ನಾನೇನೂ ಹೇಳಲಿಲ್ಲವಲ್ಲ."

"ಅದೇ ನಿನ್ನಲ್ಲಿ ನಂಗೆ ಇಷ್ಟ ಕಣಯ್ಯ. ನೀನೇನೂ ಹೇಳಲ್ಲ."

ಲೋವೆಲ್ ಹೋದ ಮೇಲೆ ಸಿಸುಕ್ ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ ನಿಂತ. ಈ ಅರ್ಜಿ ಬಂದಾಗ ತಾನು ಸಭೆಯಲ್ಲಿ ಕೂರಬಹುದೇ ಎಂದು ವಕೀಲನಿಗೆ ಫೋನ್ ಮಾಡಿ ಕೇಳಿಬಿಡಬೇಕು ಎಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದ. ಊಟದ ಹೊತ್ತಿಗೆ ನಂಬರನ್ನೂ ಒತ್ತಿದ್ದ, ಒಮ್ಮೆ ರಿಂಗಾಗುವಷ್ಟರಲ್ಲಿ ಕತ್ತರಿಸಿದ್ದ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದಮೇಲೆ ಅದನ್ನು ಗೊತ್ತಿಲ್ಲದ ಹಾಗೆ ಮಾಡಲು ಆಗುವುದಿಲ್ಲ. ಕೇಳದಿದ್ದರೆ ಅದು ಇನ್ನೂ ಪ್ರಶ್ನೆಯೇ ಆಗಿರಲಿಲ್ಲ. ಅಲ್ಲಿಯವರೆಗೆ ಅವನು ಯಾವ ಸುಳ್ಳನ್ನೂ ಹೇಳಿದವನಲ್ಲ. ಭಾನುವಾರ ದೊಡ್ಡಮ್ಮನ ಅಡುಗೆಮನೆಯಲ್ಲಿ ಅಂಟಕ್ಕಿ ಅನ್ನದ ಬುಟ್ಟಿ ಮುಂದಿಟ್ಟುಕೊಂಡು ಕೂತಾಗ ಎಷ್ಟು ಸುಲಭವಾಗಿತ್ತು. ಅವಳಿದ್ದ, ತಗಡಿನ ಗಾಡಿಮನೆಗಳ ಟ್ರೈಲರ್ ಬಡಾವಣೆಗೆ ಹೊಸದಾಗಿ ಬಂದ ಮ್ಯಾನೇಜರು ಬಾಗಿಲಿಗೆ ನೋಟಿಸು ಅಂಟಿಸಿ ಹೋಗಿದ್ದ: ಮೆಟ್ಟಿಲ ಕೆಳಗಿಟ್ಟ ಜಾಡಿಗಳಿಂದ ನೆರೆಯವರಿಗೆ ದುರ್ವಾಸನೆ, ಜೂನ್ ಮುಗಿಯುವುದರೊಳಗೆ ಜಾಗ ಖಾಲಿ ಮಾಡಬೇಕು. ಅದೇ ಸಾಲಿನಲ್ಲಿ ಲಾವೋಸಿನಿಂದ ಬಂದವರ ಇನ್ನೂ ಐದು ಮನೆಗಳಿಗೂ ಅದೇ ನೋಟಿಸು. ಉಪ್ಪು, ತವುಡು ಹಾಕಿ ಹುದುಗು ಬರಲು ಬಿಟ್ಟ ಮೀನು ನಾರದೆ ಇನ್ನೇನು ಮಾಡುತ್ತದೆ? ಈಗ ಒಮ್ಮೆಗೇ ನಾರತೊಡಗಿದೆಯೇ? "ಮೂವತ್ತು ವರ್ಷ ಇವರಿಗೆ ಮೂಗಿರಲಿಲ್ಲವೇನೋ," ಎಂದಿದ್ದಳು ದೊಡ್ಡಮ್ಮ. "ಕೋಳಿ ಕಾರ್ಖಾನೆ ಗಾಳಿ ಬೀಸಿದಾಗ ಯಾರ ಬಾಗಿಲಿಗೆ ಚೀಟಿ ಅಂಟಿಸ್ತಾರಂತೆ?" ಅವನು ನಕ್ಕು, ಅನ್ನವನ್ನು ಉಂಡೆ ಮಾಡುತ್ತ, "ಮಂಗಳವಾರ ಸಭೆಗೆ ಬಾ. ಬಂದು ನಿನ್ನ ಬಾಯಿಂದಲೇ ಹೇಳು. ನಾನಿದ್ದೀನಲ್ಲ," ಎಂದಿದ್ದ. ನಾನಿದ್ದೀನಲ್ಲ. ಆ ಮಾತು ಅನ್ನದ ಜೊತೆ ಹೋಗಿಬಿಟ್ಟಿತ್ತು. ಆಮೇಲೆ ರಾತ್ರಿ ಹಾಸಿಗೆಯಲ್ಲಿ ಮೇಲೆ ಬಂತು.

ಅವಳು ಅವನ ತಾಯಿಯ ಅಕ್ಕನಲ್ಲ. ಮೆಕಾಂಗ್ ನದಿಯಾಚೆಯ ನಿರಾಶ್ರಿತರ ಶಿಬಿರದಲ್ಲಿ ಅವನ ತಾಯಿಯ ಚಾಪೆಯ ಪಕ್ಕದ ಚಾಪೆ ಅವಳದಾಗಿತ್ತು. ತಾಯಿ ಜ್ವರದಲ್ಲಿ ಹೋದ ದಿನ ಅವಳು ಎರಡು ಚಾಪೆಗಳನ್ನೂ ಎಳೆದು ಸೇರಿಸಿದ್ದಳು, ಅಷ್ಟೆ. ಇವರನ್ನು ಶಿಬಿರದಿಂದ ಈ ಊರಿಗೆ ಕರೆಸಿಕೊಂಡ ಚರ್ಚಿನ ಮುದುಕಿಯರಿಗೆ ಈ ಸಂಗತಿಯೆಲ್ಲ ಗೊತ್ತಿತ್ತು. ಅವರೆಲ್ಲ ಈಗ ಮಣ್ಣಾಗಿದ್ದರು. ಉಳಿದವರಿಗೆ ಸಿಸುಕ್ ಎಂದರೆ ಕನ್ನಡಕದ ಅಂಗಡಿಯವನು, ನಗರಸಭೆಯ ಮಾನವ ಹಕ್ಕು ಆಯೋಗದ ಕರಪತ್ರದಲ್ಲಿ ಮೊದಲ ಪುಟದಲ್ಲೇ ನಗುತ್ತಿರುವವನು. ಆ ಫೋಟೋ ತೆಗೆಯುವಾಗ ಹುಡುಗಿ, "ಸ್ವಲ್ಪ ಇನ್ನೂ ಸಹಜವಾಗಿ ನಗಿ," ಎಂದಿದ್ದಳು. ಅವನು ಇನ್ನೂ ಸ್ವಲ್ಪ ಸಹಜವಾಗಿ ನಕ್ಕಿದ್ದ. ದೊಡ್ಡಮ್ಮ ಆ ಕರಪತ್ರವನ್ನು ಬುದ್ಧನ ಪಟದ ಪಕ್ಕ ಸಿಕ್ಕಿಸಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದಳು, ಮಗ ಸರ್ಕಾರದಲ್ಲಿದ್ದಾನೆ ಎನ್ನುತ್ತಿದ್ದಳು. ಸರ್ಕಾರವಲ್ಲ, ಬರೀ ಸಲಹೆ ಕೊಡುವ ಸಭೆ, ವರ್ಷಕ್ಕೊಮ್ಮೆ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಮಾಡುತ್ತೇವೆ, ಚಳಿಗಾಲದಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದು ಸಹಭೋಜನ ಮಾಡುತ್ತೇವೆ ಎಂದು ಅವನು ಬಿಡಿಸಿ ಹೇಳಬಹುದಿತ್ತು. ಹೇಳಿರಲಿಲ್ಲ. ಅವಳ ಸಂತೋಷಕ್ಕಾಗಿ ಸುಮ್ಮನಿದ್ದೆ ಎಂದು ಇಷ್ಟು ದಿನ ತನಗೆ ತಾನೇ ಅಂದುಕೊಂಡಿದ್ದ.

ನಗರಸಭೆಯ ಸಣ್ಣ ಕೋಣೆಯಲ್ಲಿ ಏಸಿ ಎಷ್ಟು ಜೋರಾಗಿತ್ತೆಂದರೆ ಹೊರಗೆ ಜೂನ್ ತಿಂಗಳು ಎಂಬುದು ಯಾರೋ ಹೇಳಿದ ಮಾತಿನಂತಿತ್ತು. ಅಧ್ಯಕ್ಷೆ ಆರ್ಡಿಸ್, ನಿವೃತ್ತ ಗ್ರಂಥಪಾಲಕಿ, ಎಂದಿನಂತೆ ನಿಂಬೆಹಣ್ಣಿನ ಬರ್ಫಿಯಂಥದ್ದನ್ನು ಮಾಡಿ ತಂದಿದ್ದಳು. ಆಸ್ಪತ್ರೆಯ ದಾದಿ ವೆರ್ನಾ ಒಂದನ್ನು ಕರವಸ್ತ್ರದ ಮೇಲಿಟ್ಟುಕೊಂಡು ಅದರ ಮೇಲಿನ ಸಕ್ಕರೆ ಪುಡಿಯನ್ನೇ ನೋಡುತ್ತಿದ್ದಳು. ಲೋವೆಲ್ ಬಂದು ಕೂತ. ಅವನ ಕನ್ನಡಕ ಮತ್ತೆ ಎಡಕ್ಕೆ ವಾಲಿತ್ತು. ಏಳು ಕುರ್ಚಿಗಳಲ್ಲಿ ಮೂರು ಖಾಲಿ. ಬೇಸಿಗೆ ಬಂದರೆ ಈ ಊರಿನ ಅರ್ಧ ಜನ ಕೆರೆಯ ಪಕ್ಕದ ತಮ್ಮ ರಜೆಯ ಮನೆಗಳಿಗೆ ಹೊರಟುಬಿಡುತ್ತಾರೆ, ಜುಲೈನಲ್ಲಿ ಅದಕ್ಕೇ ಆಯೋಗದ ಸಭೆಯೇ ಇರುವುದಿಲ್ಲ. ನಾಲ್ಕು ಜನ ಇದ್ದರೆ ಕೋರಂ, ಕಡಿಮೆಯಾದರೆ ಸಭೆ ನಡೆಸುವಂತಿಲ್ಲ. ಸಿಸುಕ್ ಎಣಿಸಿದ, ತನ್ನನ್ನು ಬಿಟ್ಟು ಎಣಿಸಿದ, ಮತ್ತೆ ತನ್ನನ್ನು ಸೇರಿಸಿ ಎಣಿಸಿದ.

ದೊಡ್ಡಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದಳು. ದೇವಸ್ಥಾನಕ್ಕೆ ಹೋಗುವಾಗ ಉಡುವ, ಕೆಳಗೆ ಜರಿ ಅಂಚಿನ ರೇಷ್ಮೆ ಲಂಗ. ಮೇಲೆ ಕೋಳಿ ಕಾರ್ಖಾನೆಯವರು ನಿವೃತ್ತಿಯ ದಿನ ಕೊಟ್ಟ ಜಾಕೀಟು. ಚಳಿಗೆ ಕೈಗಳನ್ನು ತೋಳಿನೊಳಗೆ ಎಳೆದುಕೊಂಡಿದ್ದಳು. ಅವನನ್ನು ನೋಡಿ ಹುಬ್ಬು ಮಾತ್ರ ಎತ್ತಿದಳು, ಶಾಲೆಯ ವಾರ್ಷಿಕೋತ್ಸವದಲ್ಲಿ ಅವನು ಮರದ ವೇಷ ಹಾಕಿ ನಿಂತಿದ್ದಾಗ ಎತ್ತಿದ ಹಾಗೆ. ಅವನು ತಲೆಯಾಡಿಸಿದ, ಅಥವಾ ಆಡಿಸಬೇಕೆಂದುಕೊಂಡ.

ನಗರಸಭೆಯ ವಕೀಲ ಹೆಸ್ಸೆಲ್ ಪ್ರತಿ ಸಭೆಯಲ್ಲೂ ಒಂದು ಪ್ರಶ್ನೆ ಕೇಳುತ್ತಿದ್ದ; ಪ್ರಾರ್ಥನೆಗೆ ಆಮೆನ್ ಅಂದ ಹಾಗೆ ಎಲ್ಲರೂ ಇಲ್ಲ ಎಂದು ತಲೆಯಾಡಿಸುತ್ತಿದ್ದರು. ಇವತ್ತಿನ ವಿಷಯದಲ್ಲಿ ಯಾರಿಗಾದರೂ ಸ್ವಂತ ಹಿತಾಸಕ್ತಿ ಇದೆಯೇ? ಮೂವರು ತಲೆಯಾಡಿಸಿದರು. ಸಿಸುಕನ ಕತ್ತು ಎತ್ತ ಆಡಿತೋ ಅವನಿಗೇ ತಿಳಿಯಲಿಲ್ಲ. ಹೆಸ್ಸೆಲ್ ಕಾಗದದಿಂದ ಕಣ್ಣೆತ್ತಿದ.

"ತಪ್ಪು ತಿಳ್ಕೋಬೇಡಿ ಸಿಸುಕ್. ನಿಮ್ಮ ಸಮುದಾಯ ಚಿಕ್ಕದು, ಅದಕ್ಕೆ ಕೇಳ್ತಿದೀನಿ, ಬರೀ ದಾಖಲೆಗೆ. ಅರ್ಜಿದಾರರು ನಿಮಗೆ ಏನಾದರೂ ಆಗಬೇಕಾ? ಸಂಬಂಧ ಇದ್ದರೆ ಈ ವಿಷಯ ಮುಗಿಯೋವರೆಗೆ ನೀವು ಹೊರಗೆ ಕೂರಬೇಕಾಗುತ್ತೆ."

"ಅವರಲ್ಲಿ ಎಲ್ಲರೂ ಎಲ್ಲರಿಗೂ ಚಿಕ್ಕಪ್ಪ ದೊಡ್ಡಪ್ಪಾನೇ ಬಿಡಿ," ಎಂದ ಲೋವೆಲ್. "ಅಂಗಡೀಲಿ ನೋಡಿದೀನಲ್ಲ. ಬಂದ ಮುದುಕಿಯರೆಲ್ಲ ಇವನಿಗೆ ಅತ್ತೆ."

"ಲೋವೆಲ್," ಎಂದಳು ಆರ್ಡಿಸ್, ಗ್ರಂಥಾಲಯದ ಸ್ವರದಲ್ಲಿ.

"ಹೊಗಳ್ತಿದೀನಿ ಕಣಮ್ಮ. ನಮ್ಮ ಮಕ್ಕಳು ಫೋನೂ ಮಾಡಲ್ಲ."

ಹೌದು ಅಂದರೆ ಎದ್ದು ಹೋಗಬೇಕು. ಅವನು ಎದ್ದರೆ ಮೂರೇ ಜನ, ಸಭೆ ಸಭೆಯಲ್ಲ, ಮಾತು ಮಾತಲ್ಲ; ಮುಂದಿನ ಸಭೆ ಆಗಸ್ಟಿಗೆ, ಅಷ್ಟರಲ್ಲಿ ಅವಳ ಪಾತ್ರೆಪಡಗ ಹೊರಗೆ ಹುಲ್ಲಿನ ಮೇಲಿರುತ್ತದೆ, ಉಳಿದ ಐದು ಮನೆಯವರದ್ದೂ. ಇಲ್ಲ ಅಂದರೆ ಅವನು ಇಲ್ಲೇ ಕೂತು ಅವಳ ಪರ ಕೈ ಎತ್ತಬಹುದು. ಅವಳನ್ನು ಉಳಿಸಬೇಕಾದರೆ ಅವಳು ನನ್ನವಳಲ್ಲ ಎನ್ನಬೇಕು. ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ ಬೋನು. ಕಟ್ಟಿದವರು ಯಾರೂ ಕೆಟ್ಟವರಲ್ಲ. ಹೆಸ್ಸೆಲ್‌ನ ಕಿವಿಗಳು ತೆಳ್ಳಗೆ, ದೀಪದ ಬೆಳಕಿಗೆ ಕೆಂಪಗೆ ಕಾಣುತ್ತಿದ್ದವು. ಶಿಬಿರದಲ್ಲಿಯೂ ಒಬ್ಬ ಬಿಳಿಯ ಅಧಿಕಾರಿ ಮೇಜಿನ ಆಚೆ ಕೂತು, ದುಭಾಷಿಯ ಮೂಲಕ, ಈ ಹುಡುಗ ನಿನಗೆ ಏನಾಗಬೇಕು ಎಂದು ಕೇಳಿದ್ದ. ನನ್ನವನು ಎಂದಿದ್ದಳು ದೊಡ್ಡಮ್ಮ. ನನ್ನವನು ಅಂದರೆ? ಮಗನೇ, ತಮ್ಮನೇ? ನನ್ನವನು. ಆತ ಮೂರನೆಯ ಸಲ ಕೇಳಿದಾಗ ಅವಳ ಬೆರಳು ಸಿಸುಕನ ಕತ್ತಿನ ಹಿಂದೆ ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಅವನಿಗೆ ಕೂಗಬೇಕೆನ್ನಿಸಿತ್ತು. ಕೊನೆಗೆ ಆತ, ಸಂಬಂಧವಿಲ್ಲ, ಜೊತೆಯಲ್ಲಿದ್ದಾನೆ, ಎಂದು ಬರೆದುಕೊಂಡ. ಹಾಗಾದರೆ ಕಾನೂನಿನ ಪ್ರಕಾರ ಇದು ಸುಳ್ಳೂ ಅಲ್ಲ. ಸುಳ್ಳಲ್ಲ ಎಂಬುದೇ ಅವನಿಗೆ ಈಗ ತಡೆಯಲಾರದಂತಾಯಿತು.

"ಇಲ್ಲ," ಎಂದ. ದನಿ ಸಾಲದು ಅನ್ನಿಸಿ, "ಇಲ್ಲ, ಏನೂ ಆಗಬೇಕಿಲ್ಲ," ಎಂದು ಇನ್ನೊಮ್ಮೆ, ಜೋರಾಗಿ ಹೇಳಿದ.

ಅಷ್ಟು ಇಂಗ್ಲಿಷು ದೊಡ್ಡಮ್ಮನಿಗೆ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಸತ್ತ ಕೋಳಿಗಳ ಸಾಲಿನ ಮುಂದೆ ನಿಂತು ಅವಳು ಕಲಿತದ್ದೇ ಹೌದು, ಇಲ್ಲ, ಬೇಗ, ಮತ್ತೆ. ಅವನು ಅವಳ ಕಡೆ ನೋಡಲಿಲ್ಲ. ಮೇಜಿನ ಮೇಲೆ ತನ್ನ ಮುಂದಿದ್ದ ಪುಟ್ಟ ಯಂತ್ರವನ್ನು ನೋಡಿದ. ಆಯೋಗದಲ್ಲಿ ಚಿಕ್ಕವನೆಂದು ಆ ಕೆಲಸ ಅವನಿಗೆ ಬಿದ್ದಿತ್ತು: ಸಾರ್ವಜನಿಕರು ಮಾತಾಡಲು ನಿಂತಾಗ ಹಸಿರು ದೀಪ, ಮುಗಿಯುತ್ತ ಬಂದಾಗ ಹಳದಿ, ಮೂರು ನಿಮಿಷಕ್ಕೆ ಕೆಂಪು. ಅವರು ಮಾತಾಡುವಾಗ ಸದಸ್ಯರು ಉತ್ತರಿಸುವಂತಿಲ್ಲ, ತಲೆಯಾಡಿಸುವಂತೆಯೂ ಇಲ್ಲ. ಕೇಳಿಸಿಕೊಂಡಂಥ ಮುಖ ಇಟ್ಟುಕೊಳ್ಳಬೇಕು. ವೆರ್ನಾ ಆ ಮುಖವನ್ನು ಚೆನ್ನಾಗಿ ಮಾಡುತ್ತಿದ್ದಳು.

ಫೋನಿನಲ್ಲಿ ಬರಬೇಕಿದ್ದ ದುಭಾಷಿ ಬರಲಿಲ್ಲ. ಸಂಗೀತ ಮಾತ್ರ ಬರುತ್ತಿತ್ತು. "ಸಿಸುಕ್ ಹೇಳಬಹುದಲ್ಲ," ಎಂದಳು ಆರ್ಡಿಸ್. ಹೆಸ್ಸೆಲ್ ತಲೆಯಲ್ಲಾಡಿಸಿದ; ತೀರ್ಮಾನಿಸುವವನೇ ಅರ್ಜಿದಾರರ ಬಾಯಿಯೂ ಆಗುವಂತಿಲ್ಲ. "ಆಕೆಗೆ ಸ್ವಲ್ಪ ಬರುತ್ತೆ ಅನ್ನಿಸುತ್ತೆ. ಅಲ್ವೇನಮ್ಮ?"

"ಸ್ವಲ್ಪ," ಎಂದಳು ದೊಡ್ಡಮ್ಮ. ಎದ್ದು ಬಂದು ಮೈಕಿನ ಮುಂದೆ ನಿಂತಳು. ಮೈಕು ಅವಳ ಹಣೆಗೆ ಸರಿಯಾಗಿತ್ತು. ಸಿಸುಕ್ ಗುಂಡಿ ಒತ್ತಿದ. ಹಸಿರು.

"ನಾನು ಮಣಿವನ್. ನಾನು ಮನೆ, ಅಲ್ಲಿ, ಮೂವತ್ತು ವರ್ಷ. ಯಾರೂ ಬಂದು ಬೈದಿಲ್ಲ. ಜಾಡಿ ಮುಚ್ಚಿದೆ. ಹೊಸ ಸಾಹೇಬ ಬಂದ, ಮೂಗು ಹೀಗೆ," ಎಂದು ಮೂಗು ಹಿಡಿದು ತೋರಿಸಿದಳು. ಲೋವೆಲ್ ನಕ್ಕ. ನಕ್ಕಿದ್ದು ಒಳ್ಳೆಯದೇ ಎಂದು ಸಿಸುಕ್ ಲೆಕ್ಕ ಹಾಕಿದ, ಹಾಕಿದ್ದಕ್ಕೆ ಅಸಹ್ಯಪಟ್ಟುಕೊಂಡ. "ಅವನು ನಾಯಿ. ಅಲ್ಲ, ಅವನಿಗೆ ನಾಯಿ. ನಾಯಿ ರಾತ್ರಿ ಬೊಗಳುತ್ತೆ, ನಾನು ಚೀಟಿ ಅಂಟಿಸಿಲ್ಲ. ನಾನು…" ಅವಳು ನಿಂತಳು. ಬೇಕಾದ ಮಾತು ಇಂಗ್ಲಿಷಿನಲ್ಲಿ ಎಲ್ಲೋ ಇತ್ತು, ಅವಳ ಕೈ ಗಾಳಿಯಲ್ಲಿ ಅದನ್ನು ಹುಡುಕಿತು. ಆಮೇಲೆ, ಚಿಕ್ಕಂದಿನಿಂದ ಅಂಗಡಿ, ಆಸ್ಪತ್ರೆ, ಶಾಲೆಯ ಮೇಷ್ಟರ ಮುಂದೆ ಎಷ್ಟೋ ಸಲ ಮಾಡಿದ ಹಾಗೆ, ಯೋಚಿಸದೆ ಅವನ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಕೇಳಿದಳು: "ಮಗಾ, ಮರ್ಯಾದೆ ಅನ್ನೋದಕ್ಕೆ ಇವರಲ್ಲಿ ಏನಂತಾರೆ?"

ಎಂಟನೇ ವಯಸ್ಸಿನಿಂದ ಅವನ ನಾಲಿಗೆ ಅದಕ್ಕೇ ಇದ್ದದ್ದು. ಶಬ್ದ ಅದರ ತುದಿಗೆ ಬಂದೂ ಬಂತು. ಅವನು ಕೇಳಿಸಿಕೊಂಡಂಥ ಮುಖ ಮಾಡಿಕೊಂಡು ಕೂತ. ಎಲ್ಲರೂ ಅವನನ್ನು ನೋಡಿದರು, ಹೆಸ್ಸೆಲ್ ಪೆನ್ನು ಕೆಳಗಿಟ್ಟ, ಏಸಿಯ ಸದ್ದು ಒಂದೇ ಸಮನೆ ಬರುತ್ತಿತ್ತು, ಹಸಿರು ದೀಪ ಇನ್ನೂ ಹಸಿರಾಗಿಯೇ ಇತ್ತು. ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡದ್ದನ್ನು ಅವನು ಕಂಡ. ಅದರಲ್ಲಿ ಸಿಟ್ಟಿರಲಿಲ್ಲ. ಹೊರಗೆ ಹೋಗುವ ಮುನ್ನ ಒಲೆ ಆರಿಸಿದೆಯೇ ಎಂದು ನೋಡಿ ಬಾಗಿಲೆಳೆದುಕೊಳ್ಳುವವಳ ಮುಖದಂತಿತ್ತು.

"ಏನು ಕೇಳಿದಿರಮ್ಮ ಅವರನ್ನ?" ಎಂದ ಹೆಸ್ಸೆಲ್, ಮೃದುವಾಗಿಯೇ.

"ಸಂಡಾಸು," ಎಂದಳು. "ಸಂಡಾಸು ಎಲ್ಲಿ ಕೇಳಿದೆ. ಚಳಿ ಬಹಳ."

ಕೋಣೆ ನಕ್ಕಿತು. ಆರ್ಡಿಸ್ ಎದ್ದು ಏಸಿ ಕಡಿಮೆ ಮಾಡಲು ಹೋದಳು, ಅದು ಕಡಿಮೆಯಾಗಲಿಲ್ಲ. ದೊಡ್ಡಮ್ಮ ಉಳಿದದ್ದನ್ನು ಮರ್ಯಾದೆಯ ಮಾತಿಲ್ಲದೆಯೇ ಮುಗಿಸಿದಳು: ನಾನು ಒಳ್ಳೆಯವಳು, ಮನೆ ಚೊಕ್ಕಟ, ಹೋಗಲು ಬೇರೆ ಜಾಗವಿಲ್ಲ. ಬೇರೆ ಜಾಗವಿಲ್ಲ ಅಂದಾಗ ಸಿಸುಕನಿಗೆ ತನ್ನ ಮನೆಯ ಕೆಳಗಿನ ಕೋಣೆ ನೆನಪಾಯಿತು. ಹೋದ ವಾರವೇ ಹೆಂಡತಿ ನೊಯ್ ಅದನ್ನು ಗುಡಿಸಿ ಮಂಚ ಹಾಕಿಸಿದ್ದಳು, ದೊಡ್ಡಮ್ಮ ಬಂದು ಅದರ ಹಾಸಿಗೆಯನ್ನು ಒತ್ತಿ ನೋಡಿದ್ದಳು. ಹಳದಿ ಬಂತು. ಅವನ ಬೆರಳು ಯಂತ್ರದ ಮೇಲೆ ಸುಮ್ಮನೆ ಇತ್ತು, ದೀಪ ತಾನಾಗಿಯೇ ಕೆಂಪಾಯಿತು. "ನಿಮ್ಮ ಸಮಯ ಮುಗೀತು," ಎಂದು ಹೇಳಬೇಕಾದವನು ಅವನೇ. ಹೇಳಿದ.

ಆಮೇಲೆ ಅವರು ಠರಾವಿನ ಚರ್ಚೆಗೆ ಕೂತರು. ನೋಟಿಸುಗಳನ್ನು ತಡೆಹಿಡಿಯುವಂತೆ ನಗರಸಭೆ ಬಡಾವಣೆಯ ಮಾಲೀಕರಿಗೆ ಹೇಳಬೇಕು ಎಂದು ಆರ್ಡಿಸ್ ಬರೆದು ತಂದಿದ್ದಳು. 'ಹೇಳಬೇಕು' ಜಾಸ್ತಿಯಾಯಿತು ಎಂದ ಲೋವೆಲ್, 'ಕೋರಬೇಕು' ಎನ್ನೋಣ. ಕೋರಬೇಕು ಎಂದು ನಗರಸಭೆಗೆ ಹೇಳಲು ನಾವು ಯಾರು, 'ಕೋರುವುದನ್ನು ಪರಿಶೀಲಿಸಬಹುದು' ಎನ್ನೋಣ ಎಂದಳು ವೆರ್ನಾ. ಒಂದೊಂದು ತಿದ್ದುಪಡಿಗೂ ಅನುಮೋದನೆ ಬೇಕು. ಬೇಗ ಮುಗಿಯಲಿ ಎಂದು ಸಿಸುಕನೇ ಅನುಮೋದಿಸುತ್ತ ಹೋದ. ಕೊನೆಗೆ ನಾಲ್ಕು ಕೈಗಳು ಎದ್ದವು. ಅವನ ಕೈ ಎಲ್ಲರಿಗಿಂತ ತಡವಾಗಿ ಎದ್ದು, ಎಲ್ಲರೂ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಮೇಲೇ ಇತ್ತು.

"ಆಯ್ತು ಅಮ್ಮ, ಪಾಸಾಯ್ತು," ಎಂದಳು ಆರ್ಡಿಸ್. ಅವಳ ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು.

"ನಾನು ಮನೇಲಿ ಇರಬಹುದು?"

ಆರ್ಡಿಸ್ ವಕೀಲನ ಕಡೆ ನೋಡಿದಳು. "ಇದು ಸಲಹೆ," ಎಂದ ಹೆಸ್ಸೆಲ್. "ಮುಂದಿನ ಸೋಮವಾರ ನಗರಸಭೆ ಮುಂದೆ ಹೋಗುತ್ತೆ. ಅವರು ಒಪ್ಪಬಹುದು. ಒಪ್ಪದೇನೂ ಇರಬಹುದು."

ದೊಡ್ಡಮ್ಮ ತಲೆದೂಗಿದಳು, ಕಾರ್ಖಾನೆಯಲ್ಲಿ ಮೇಸ್ತ್ರಿ ಹೇಳಿದ್ದಕ್ಕೆಲ್ಲ ತಲೆದೂಗಿದ ಹಾಗೆ.

ಕಾರಿಡಾರಿನಲ್ಲಿ ಹೆಸ್ಸೆಲ್ ಅವನ ಭುಜದ ಮೇಲೆ ಕೈಯಿಟ್ಟ. "ಕೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಕೇಳಿದ್ದೇ ಒಳ್ಳೇದಾಯ್ತು. ಆ ಮಾಲೀಕರಿಗೆ ದೊಡ್ಡ ದೊಡ್ಡ ವಕೀಲರಿದ್ದಾರೆ. ಆಕೆ ನಿಮಗೆ ಏನೋ ಆಗಬೇಕು ಅಂತ ನಾಳೆ ಅವರ ಕೈಗೆ ಸಿಕ್ಕಿದ್ದರೆ ಇಡೀ ಠರಾವು ಬಿದ್ದುಹೋಗ್ತಿತ್ತು. ಆರೂ ಮನೆಯವರದ್ದು." ಸಿಸುಕ್ ಹೌದೆಂದ. ಹೌದೆನ್ನುವಾಗಲೇ ಕೆಳಗಿನ ಕೋಣೆಯ ಬಾಗಿಲು ಅವನ ಕಣ್ಣೆದುರಿಗೆ ಹಾಕಿಕೊಂಡಿತು. ನಗರಸಭೆ ಒಪ್ಪದಿದ್ದರೆ ಅವಳು ಎಲ್ಲಿಗಾದರೂ ಹೋಗಬಹುದು, ಅವನ ಮನೆಗೆ ಮಾತ್ರ ಬರುವಂತಿಲ್ಲ. ಒಪ್ಪಿದರೆ ಅವನು ಅವಳ ಮನೆಗೆ ಹೋಗುವಂತಿಲ್ಲ, ಭಾನುವಾರದ ಅನ್ನಕ್ಕೆ ಕೂಡ. ಎಲ್ಲಿಯವರೆಗೆ? ಅದಕ್ಕೆ ಯಾವ ದೀಪವೂ ಇರಲಿಲ್ಲ.

ಹೊರಗೆ ಇನ್ನೂ ಬಿಸಿಲಿತ್ತು, ಈ ತಿಂಗಳಲ್ಲಿ ಅದು ಮುಗಿಯುವುದೇ ಇಲ್ಲ. ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತು ಜಾಕೀಟು ಬಿಚ್ಚುತ್ತಿದ್ದಳು. ಹೆಸ್ಸೆಲ್ ಬಾಗಿಲಿಗೆ ಬೀಗ ಹಾಕುತ್ತಿದ್ದ, ಲೋವೆಲ್ ಅವನಿಗೆ ಏನೋ ಜೋಕು ಹೇಳುತ್ತಿದ್ದ. "ಬಸ್ಸು ಹೊರಟುಹೋಗಿದೆ," ಎಂದಳು ಆರ್ಡಿಸ್. "ಸಿಸುಕ್, ನೀನು ಇವರನ್ನ ಬಿಟ್ಟು ಬರ್ತೀಯಾ? ನನ್ನ ಕಾರು ತುಂಬ ಪ್ರಬಂಧ ಸ್ಪರ್ಧೆ ಸಾಮಾನು. ಮನೆ ಎಲ್ಲಿ ಅಂತ ಕೇಳ್ಕೋ."

ಮೂವರೂ ಕಾಯುತ್ತಿದ್ದರು. ಕಾಯುತ್ತಿರಲಿಲ್ಲವೇನೋ, ಅವನಿಗೆ ಹಾಗನ್ನಿಸಿತು. "ನಿಮ್ಮ ಮನೆ ಎಲ್ಲಿ ಬರುತ್ತೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನಾನು ಹೇಳ್ತೀನಿ," ಎಂದಳು ಅವಳೂ ಇಂಗ್ಲಿಷಿನಲ್ಲಿ. "ನೀವು ಓಡಿಸಿ."

ಅವನು ಮುಂದಿನ ಬಾಗಿಲು ತೆರೆದ. ಅವಳು ಹಿಂದಿನದನ್ನು ತಾನೇ ತೆರೆದುಕೊಂಡು ಕೂತಳು. ಕಾರು ನಗರಸಭೆಯ ಮೂಲೆ ದಾಟಿದ ಮೇಲೆ ಅವನು, "ದೊಡ್ಡಮ್ಮ," ಎಂದ. "ನಾನು ಎದ್ದು ಹೋಗಿದ್ದರೆ ಸಭೆಯೇ ಇರ್ತಿರಲಿಲ್ಲ. ನಿನಗೆ ಮೊದಲೇ ಹೇಳಬೇಕಾಗಿತ್ತು."

"ಇಲ್ಲಿ ಎಡಕ್ಕೆ," ಎಂದಳು ಇಂಗ್ಲಿಷಿನಲ್ಲಿ.

ಅವನು ಎಡಕ್ಕೆ ತಿರುಗಿಸಿದ. ಕಾಳಿನ ಗೋದಾಮು, ಕೋಳಿ ಕಾರ್ಖಾನೆಯ ಉದ್ದನೆಯ ಗೋಡೆ, ಎರಡನೇ ಪಾಳಿಯವರು ಹೊರಗೆ ನಿಂತು ಸೇದುತ್ತಿದ್ದರು. ಕನ್ನಡಿಯಲ್ಲಿ ಅವಳ ಅರ್ಧ ಮುಖ ಕಾಣುತ್ತಿತ್ತು. ಅವನನ್ನು ಕಾಪಾಡುತ್ತಿದ್ದಾಳೋ, ದಂಡಿಸುತ್ತಿದ್ದಾಳೋ ಆ ಅರ್ಧದಿಂದ ಹೇಳಲು ಬರುತ್ತಿರಲಿಲ್ಲ. "ಇಲ್ಲಿ ಯಾರೂ ಇಲ್ಲವಲ್ಲ," ಎಂದ ಅವನು, "ಕಾರಿನೊಳಗೆ ಯಾರು ಕೇಳ್ತಾರೆ?"

"ರೈಲು ಕಂಬಿ ದಾಟಿ ಬಲಕ್ಕೆ. ನಿಧಾನ. ಗುಂಡಿ ಇದೆ."

ಗುಂಡಿ ಇತ್ತು. ಹನ್ನೆರಡನೇ ವಯಸ್ಸಿನಲ್ಲಿ ಅದೇ ಗುಂಡಿಗೆ ಸೈಕಲ್ ಬೀಳಿಸಿ ಹಲ್ಲು ಮುರಿದುಕೊಂಡಾಗ ಅವಳು ರಕ್ತವನ್ನು ತನ್ನ ಲಂಗದಲ್ಲೇ ಒರೆಸಿ ಬೆನ್ನಿಗೆ ಗುದ್ದಿದ್ದಳು. ಅವನು ನಿಧಾನ ಮಾಡಿದ. ಬೈಯಲಿ, ಗುದ್ದಲಿ ಎಂದು ಬೆನ್ನು ಕಾಯುತ್ತಿತ್ತು. ಸೀಟಿನ ಹಿಂದಿನಿಂದ ಅವಳ ಉಸಿರು ಮಾತ್ರ ಬರುತ್ತಿತ್ತು.

ಬಡಾವಣೆಯ ಬಾಗಿಲಲ್ಲಿ ಹೊಸ ಮ್ಯಾನೇಜರು ಹುಲ್ಲಿಗೆ ನೀರು ಬಿಡುತ್ತ ನಿಂತಿದ್ದ, ಪಕ್ಕದಲ್ಲಿ ನಾಯಿ. ಕಾರು ನೋಡಿ ಪೈಪನ್ನು ಆಚೆ ತಿರುಗಿಸಿ, ಬಗ್ಗಿ ಒಳಗೆ ದಿಟ್ಟಿಸಿದ. ಬಲಗಡೆ ಮೂರನೇದು, ಎಂದಳು ದೊಡ್ಡಮ್ಮ. ಅಲ್ಲಿ ಅವನು ನಿಲ್ಲಿಸಿದ. ಇಳಿದು, ಬಾಗಿಲು ಮುಚ್ಚಿ, ಅವಳು ಅವನ ಕಿಟಕಿಯ ಹತ್ತಿರ ಬಂದಳು. ಸೂರ್ಯ ಅವಳ ಬೆನ್ನ ಹಿಂದಿದ್ದ, ಮುಖ ಕತ್ತಲಾಗಿತ್ತು. ಮ್ಯಾನೇಜರಿನವರೆಗೂ ಕೇಳುವಂತೆ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು: "ಥ್ಯಾಂಕ್ ಯೂ ಸರ್. ವಾಪಸ್ ಹೋಗೋ ದಾರಿ ನಿಮಗೆ ಗೊತ್ತಾಗಲ್ಲ. ನೇರ ಹೋಗಿ, ನೀರಿನ ಟ್ಯಾಂಕು ಸುತ್ತಿ, ಎರಡು ಸಲ ಎಡಕ್ಕೆ. ದೊಡ್ಡ ರಸ್ತೆ ಸಿಗುತ್ತೆ."

ಅದು ಸುತ್ತುದಾರಿ. ಅವಳ ಮನೆಯ ಹಿಂದಿನಿಂದಲೇ ಒಂದು ಗಲ್ಲಿ ಸೀದಾ ದೊಡ್ಡ ರಸ್ತೆಗೆ ಹೋಗುತ್ತಿತ್ತು, ಕಣ್ಣುಮುಚ್ಚಿಕೊಂಡೂ ಹೋಗಬಲ್ಲ ದಾರಿ. ಅದರ ಬಾಯಿಗೆ ಬಂದಾಗ ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಕನ್ನಡಿಯಲ್ಲಿ ಮ್ಯಾನೇಜರು ಇನ್ನೂ ಪೈಪು ಹಿಡಿದು ನೋಡುತ್ತಿದ್ದ. ಅವನಿಗಿಂತ ಈಚೆ, ಮೆಟ್ಟಿಲ ಮೇಲೆ, ಅವಳೂ ನೋಡುತ್ತಿದ್ದಳು. ಸಿಸುಕ್ ಗಲ್ಲಿಯನ್ನು ಬಿಟ್ಟು ನೇರ ಹೋದ. ನೀರಿನ ಟ್ಯಾಂಕು ಸುತ್ತಿದ. ಎಡಕ್ಕೆ ತಿರುಗುವ ಮುನ್ನ ಸೂಚನೆಯ ದೀಪ ಹಾಕಿ, ಹಿಂದೆ ಮುಂದೆ ಯಾರೂ ಬರದಿದ್ದರೂ, ಈ ಊರಿಗೆ ಇವತ್ತೇ ಬಂದವನ ಹಾಗೆ ಎರಡೂ ಕಡೆ ನೋಡುತ್ತ ನಿಂತ.